ಪ್ರತಿಕ್ರಿಯೆ: ‘ಷಟರ್ ಐಲ್ಯಾಂಡ್’ನ ತಿರುವು

‘ಷಟರ್ ಐಲ್ಯಾಂಡ್’ (2010) ಕೊನೆಯ ತಿರುವಿನಿಂದ ಅಷ್ಟೂ ತನಿಖೆ ವ್ಯರ್ಥವಾಯಿತಲ್ಲ ಎಂದು ಕೇಳಿದ್ದೀರಿ. (ಇನ್ನೂ ನೋಡದವರು ಮುಂದೆ ಓದಬೇಡಿ.) ಕಾಣೆಯಾದ ರೋಗಿಯನ್ನು ಹುಡುಕಲು ದ್ವೀಪದ ಮಾನಸಿಕ ಆಸ್ಪತ್ರೆಗೆ ಬರುವ ಮಾರ್ಷಲ್ (ಅಮೆರಿಕದ ಕೇಂದ್ರ ಪೊಲೀಸ್ ಅಧಿಕಾರಿ) ಟೆಡ್ಡಿಯೇ ಅಲ್ಲಿನ ರೋಗಿ, ಜೊತೆಗಾರ ಮಾರ್ಷಲ್ ಚಕ್ ಅವನ ವೈದ್ಯ ಎಂಬುದೇ ಆ ತಿರುವು. ಹಿಂದಿನ ದೃಶ್ಯಗಳನ್ನು ಸುಳ್ಳಾಗಿಸುವ ತಿರುವು ಸಿನಿಮಾವನ್ನು ಕೆಡಿಸುತ್ತದೆ, ನಿಜ. ಇಲ್ಲಿ ಅವುಗಳ ಅರ್ಥ ಮಾತ್ರ ಬದಲಾಗುತ್ತದೆ. ಎರಡನೇ ಸಲ ಟೆಡ್ಡಿಯನ್ನು ಬಿಟ್ಟು ಚಕ್‌ನನ್ನೇ ಗಮನಿಸಿ: ಗೇಟಿನಲ್ಲಿ ಸೊಂಟದ ಪಿಸ್ತೂಲು ಬಿಚ್ಚಿಕೊಡಲು ತಡವರಿಸುತ್ತಾನೆ, ಅನುಭವಿ ಮಾರ್ಷಲ್‌ಗೆ ಅದೇನು ಕಷ್ಟ? ಕಾವಲುಗಾರರು ಬಂದೂಕು ಹಿಡಿದು ಬಿಗಿಯಾಗಿ ನಿಂತಿರುವುದು ಟೆಡ್ಡಿಗೆ ಹೆದರಿ. ವಿಚಾರಣೆಗೆ ಕೂತ ರೋಗಿ ನೀರು ಕುಡಿಯುವಾಗ ಒಂದು ಶಾಟ್‌ನಲ್ಲಿ ಕೈಯಲ್ಲಿ ಲೋಟವೇ ಇಲ್ಲ!

ದೌರ್ಬಲ್ಯ ಇರುವುದು ಲೈಟ್‌ಹೌಸ್‌ನಲ್ಲಿ. ಆಸ್ಪತ್ರೆಯ ಮುಖ್ಯ ವೈದ್ಯರು ಟೆಡ್ಡಿಗೆ ಸತ್ಯ ಮನವರಿಕೆ ಮಾಡಲು ಹಲಗೆಯ ಮೇಲೆ ಹೆಸರುಗಳ ಅಕ್ಷರ ಅದಲುಬದಲು ತೋರಿಸಿ ಪಾಠ ಮಾಡುತ್ತಾರೆ. ಹಿಚ್‌ಕಾಕ್ ನಿರ್ದೇಶನದ ‘ಸೈಕೋ’ (1960) ಕೊನೆಯ ಮನೋವೈದ್ಯನ ಭಾಷಣಕ್ಕೂ ಇದೇ ರೋಗ. ಅದೇ ಹಿಚ್‌ಕಾಕ್ ‘ವರ್ಟಿಗೋ’ದಲ್ಲಿ (1958) ಗುಟ್ಟನ್ನು ನಾಯಕನಿಗಿಂತ ಮೊದಲೇ ನಮಗೆ ಹೇಳಿಬಿಡುತ್ತಾರೆ. ಅಲ್ಲಿಂದ ‘ಏನಾಯಿತು’ ಎಂಬ ಕುತೂಹಲ ಹೋಗಿ ‘ಇವನಿಗೆ ಗೊತ್ತಾದರೆ?’ ಎಂಬ ಆತಂಕ ಶುರು.

‘ಷಟರ್ ಐಲ್ಯಾಂಡ್’ ಪಾರಾಗುವುದು ತಿರುವಿನ ನಂತರದ ಮೆಟ್ಟಿಲ ಮೇಲಿನ ದೃಶ್ಯದಿಂದ. ರಾಕ್ಷಸನಾಗಿ ಬದುಕುವುದೋ, ಒಳ್ಳೆಯವನಾಗಿ ಸಾಯುವುದೋ ಎಂದು ಕೇಳುವ ಟೆಡ್ಡಿ ಮತ್ತೆ ಭ್ರಮೆಗೆ ಜಾರಿದ್ದಾನೆಯೇ? ನನ್ನ ಮಟ್ಟಿಗೆ ಇಲ್ಲ, ಅವನು ಬೇಕೆಂದೇ ತನ್ನ ಮಿದುಳಿನ ಶಸ್ತ್ರಚಿಕಿತ್ಸೆಯತ್ತ ಎದ್ದು ನಡೆಯುತ್ತಾನೆ.