ಊರುಗಳು ಒಂದಾದವು, ಬಂದರು ಯಾರದು?

ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನನ್ನ ಮಗ ಕೆನಡಾದ ಡಾರ್ಟ್‌ಮತ್‌ನಲ್ಲಿದ್ದಾನೆ. ಊರು ಯಾವುದೆಂದು ಕೇಳಿದವರಿಗೆಲ್ಲ ಹ್ಯಾಲಿಫ್ಯಾಕ್ಸ್ ಎನ್ನುತ್ತಾನೆ. ನಾವು ಹೋಗಿ ನೋಡಿದಾಗ ಹ್ಯಾಲಿಫ್ಯಾಕ್ಸ್ ನೀರಿನ ಆಚೆ ದಡದಲ್ಲಿತ್ತು. ಇವೆರಡನ್ನೂ 1996ರಲ್ಲಿ ಒಂದು ಮಾಡಿದರಂತೆ. ಆಗ ರಸ್ತೆ, ಸೇತುವೆ, ಬಂದರುಗಳನ್ನೆಲ್ಲ ಒಟ್ಟಿಗೆ ಯೋಜಿಸಿದರೇ?
— ಓದುಗರೊಬ್ಬರು, ಸುರತ್ಕಲ್

ಉತ್ತರ: ನಿಮ್ಮ ಮಗ ಹೇಳಿದ್ದೂ ಸರಿ, ನೀವು ಕಂಡದ್ದೂ ಸರಿ. 1996ರ ಏಪ್ರಿಲ್ 1ರಂದು ಹ್ಯಾಲಿಫ್ಯಾಕ್ಸ್ ಮತ್ತು ಡಾರ್ಟ್‌ಮತ್ ಎಂಬ ಎರಡು ನಗರಗಳನ್ನೂ, ಬೆಡ್‌ಫರ್ಡ್ ಪಟ್ಟಣವನ್ನೂ, ಇವುಗಳ ಸುತ್ತಲಿನ ಹ್ಯಾಲಿಫ್ಯಾಕ್ಸ್ ಕೌಂಟಿಯನ್ನೂ ಸೇರಿಸಿ ನೋವಾ ಸ್ಕೋಶಿಯಾ ಪ್ರಾಂತ್ಯದ ಸರ್ಕಾರವು ಹ್ಯಾಲಿಫ್ಯಾಕ್ಸ್ ಪ್ರಾದೇಶಿಕ ಪುರಸಭೆಯನ್ನು ರಚಿಸಿತು. ಆಗಿನ ಪ್ರೀಮಿಯರ್, ಎಂದರೆ ಪ್ರಾಂತ್ಯದ ಮುಖ್ಯಮಂತ್ರಿ, ಜಾನ್ ಸ್ಯಾವೇಜ್ ಹಿಂದೆ ಡಾರ್ಟ್‌ಮತ್‌ನ ಮೇಯರ್ ಆಗಿದ್ದವರೇ ಎಂಬುದನ್ನು ಅಲ್ಲಿನ ಹಳಬರು ಇಂದಿಗೂ ನೆನಪಿಸುತ್ತಾರೆ. ಹೊಸ ಪುರಸಭೆಯ ವಿಸ್ತೀರ್ಣ ಸುಮಾರು 5,500 ಚದರ ಕಿಲೋಮೀಟರ್. ಅದರ ಬಹುಭಾಗ ಕಾಡು, ಕೆರೆ ಮತ್ತು ಕರಾವಳಿಯ ಸಣ್ಣ ಹಳ್ಳಿಗಳು. ಪೂರ್ವ ದಿಕ್ಕಿನ ಶೀಟ್ ಹಾರ್ಬರ್ ನಗರದಿಂದ ನೂರು ಕಿಲೋಮೀಟರಿಗೂ ದೂರದಲ್ಲಿದೆ. ಮಂಗಳೂರಿನಿಂದ ಹೊರಟು ಕುಂದಾಪುರವನ್ನು ದಾಟಿದ ಮೇಲೂ ಅದೇ ಪುರಸಭೆಯ ಹದ್ದಿನಲ್ಲಿದ್ದೇವೆ ಎಂದು ಊಹಿಸಿಕೊಂಡರೆ ಆ ದೂರ ಮನಸ್ಸಿಗೆ ಬರುತ್ತದೆ.

ಎಲ್ಲವನ್ನೂ ಒಟ್ಟಿಗೆ ಯೋಜಿಸಿದರೇ ಎಂಬ ಪ್ರಶ್ನೆಗೆ ಉತ್ತರ, ಇಲ್ಲ; ಯೋಜಿಸುವ ಅಧಿಕಾರವೇ ಆ ಪುರಸಭೆಗೆ ಇರಲಿಲ್ಲ. ಬಂದರು ಕೇಂದ್ರ ಸರ್ಕಾರದ ಅಧೀನದಲ್ಲಿತ್ತು, 1999ರಲ್ಲಿ ಅದು ಹ್ಯಾಲಿಫ್ಯಾಕ್ಸ್ ಬಂದರು ಪ್ರಾಧಿಕಾರವಾದ ಮೇಲೂ ಕೇಂದ್ರದ ಕಾನೂನಿನ ಅಡಿಯಲ್ಲೇ ಉಳಿಯಿತು. ನೌಕಾಪಡೆಯ ಕಟ್ಟೆಗಳು ರಕ್ಷಣಾ ಇಲಾಖೆಯವು. ಬಂದರಿಗೆ ಸರಕು ಸಾಗಿಸುವ ರೈಲುಮಾರ್ಗ ಸಿ.ಎನ್. (ಕೆನಡಿಯನ್ ನ್ಯಾಷನಲ್) ರೈಲು ಕಂಪನಿಯದು, ವಿಲೀನಕ್ಕೆ ಕೆಲವೇ ತಿಂಗಳ ಮೊದಲು, 1995ರ ನವೆಂಬರಿನಲ್ಲಿ, ಆ ಕಂಪನಿಯನ್ನು ಸರ್ಕಾರ ಖಾಸಗಿಯವರಿಗೆ ಮಾರಿತ್ತು. ನೀವು ದಾಟಿರಬಹುದಾದ ಎರಡು ತೂಗುಸೇತುವೆಗಳು, ಎಂದರೆ 1955ರ ಮ್ಯಾಕ್‌ಡೊನಾಲ್ಡ್ ಸೇತುವೆ ಮತ್ತು 1970ರ ಮೆಕೇ ಸೇತುವೆ, ಪ್ರಾಂತ್ಯದ ನಿಗಮವೊಂದರ ಕೈಯಲ್ಲಿದ್ದವು. ಹೆದ್ದಾರಿಗಳೂ ಬಹುಪಾಲು ಹಳ್ಳಿಯ ರಸ್ತೆಗಳೂ ಪ್ರಾಂತ್ಯದವೇ. ಇಷ್ಟನ್ನು ಕಳೆದರೆ ಪುರಸಭೆಯ ಪಾಲಿಗೆ ಉಳಿದದ್ದು ನಗರದ ಬೀದಿಗಳು, ಬಸ್ಸು, ದೋಣಿ ಮತ್ತು ಒಳಚರಂಡಿ. ನಕ್ಷೆಯಲ್ಲಿ ಊರು ದೊಡ್ಡದಾಯಿತು, ಆದರೆ ನೀರಿನ ಅಂಚಿಗೆ ಬಂದೊಡನೆ ಅದರ ಅಧಿಕಾರ ಮೊಟಕಾಗುತ್ತಿತ್ತು.

ಈ ಹಂಚಿಕೆಯ ಫಲವನ್ನು ಕಣ್ಣಾರೆ ಕಾಣಬೇಕಾದರೆ ಹ್ಯಾಲಿಫ್ಯಾಕ್ಸ್‌ನ ಹಳೆಯ ಪೇಟೆಯ ಹಾಲಿಸ್ ಬೀದಿಯಲ್ಲಿ ಅರ್ಧ ಗಂಟೆ ನಿಂತರೆ ಸಾಕು. ಕಂಟೈನರ್ ಹಡಗುಗಳು ಬರುವ ಕಟ್ಟೆಗಳು ಎರಡು ಕಡೆ ಇವೆ: ಒಂದು ಈ ಪೇಟೆ ಇರುವ ಪರ್ಯಾಯ ದ್ವೀಪದ ದಕ್ಷಿಣ ತುದಿಯಲ್ಲಿ, ಇನ್ನೊಂದು ಸೇತುವೆಗಳನ್ನು ದಾಟಿ ಒಳಗಿರುವ ಬೆಡ್‌ಫರ್ಡ್ ಬೇಸಿನ್ ಎಂಬ ಒಳಗೊಲ್ಲಿಯ ಫೇರ್‌ವ್ಯೂ ಕೋವ್‌ನಲ್ಲಿ. ತೀರಾ ದೊಡ್ಡ ಹಡಗುಗಳಿಗೆ ಸೇತುವೆಗಳ ಎತ್ತರವೇ ತಡೆಯಾಗುವುದರಿಂದ ಅವು ದಕ್ಷಿಣದ ಕಟ್ಟೆಯಲ್ಲಿ ನಿಲ್ಲುತ್ತವೆ. ರೈಲಿಗೆ ಏರಿಸದ ಪೆಟ್ಟಿಗೆಗಳನ್ನು ಹೊತ್ತ ಲಾರಿಗಳು ಹೊರಗೆ ಹೋಗಬೇಕಾದರೆ ಕಚೇರಿ, ಹೋಟೆಲುಗಳ ನಡುವಿನ ಆ ಇಕ್ಕಟ್ಟು ಬೀದಿಗಳಲ್ಲೇ ನುಸುಳಬೇಕು. ಕಟ್ಟೆ ಒಬ್ಬರದು, ಹಳಿ ಇನ್ನೊಬ್ಬರದು, ಬೀದಿ ಮಾತ್ರ ಪುರಸಭೆಯದು; ಆದ್ದರಿಂದ ದೂರುಗಳೆಲ್ಲ ಪುರಸಭೆಗೇ ಬರುತ್ತವೆ.

ಇಡೀ ಪ್ರದೇಶಕ್ಕೆ ಒಂದೇ ಯೋಜನೆ ಸಿದ್ಧವಾಗಿದ್ದು 2006ರಲ್ಲಿ, ಅಂದರೆ ವಿಲೀನವಾಗಿ ಹತ್ತು ವರ್ಷಗಳ ನಂತರ. ಹೊಸ ಮನೆಗಳಲ್ಲಿ ಕಾಲು ಭಾಗ ನಗರದ ಒಡಲಲ್ಲಿ, ಅರ್ಧ ಭಾಗ ಉಪನಗರಗಳಲ್ಲಿ, ಉಳಿದ ಕಾಲು ಭಾಗ ಹಳ್ಳಿಗಳಲ್ಲಿ ಆಗಲಿ ಎಂಬುದು ಅದರ ಲೆಕ್ಕ. ನನ್ನ ದೃಷ್ಟಿಯಲ್ಲಿ ಇದೇ ಆ ಯೋಜನೆಯ ದೌರ್ಬಲ್ಯ: ಮುಕ್ಕಾಲು ಭಾಗ ಜನರನ್ನು ಒಡಲಿನಿಂದ ಹೊರಗೆ ನೆಲೆಗೊಳಿಸುವ ಲೆಕ್ಕವನ್ನು ಮೊದಲು ಹಾಕಿ, ಅವರನ್ನೆಲ್ಲ ಬೆಳಿಗ್ಗೆ ಎಂಟಕ್ಕೆ ಪೇಟೆಗೆ ಹೇಗೆ ತರಬೇಕೆಂಬ ಸಂಚಾರ ಯೋಜನೆಯನ್ನು 2017ರಲ್ಲಿ ಅಂಗೀಕರಿಸಿದರು.

ಪ್ರಶ್ನೆ: ಆ ಬಂದರಿನ ನೀರು ಹಿಂದೆ ಬಹಳ ಹೊಲಸಾಗಿತ್ತು ಎಂದು ಹಡಗಿನಲ್ಲಿ ದುಡಿದ ನಮ್ಮ ಸಂಬಂಧಿಕರು ಹೇಳುತ್ತಿದ್ದರು. ಈಗಲೂ ಹಾಗೆಯೇ ಇದೆಯೇ?
— ಓದುಗರೊಬ್ಬರು, ಮಲ್ಪೆ

ಉತ್ತರ: ನಿಮ್ಮ ಸಂಬಂಧಿಕರು ಕಂಡದ್ದು ನಿಜ. 1749ರಲ್ಲಿ ಹ್ಯಾಲಿಫ್ಯಾಕ್ಸ್ ಹುಟ್ಟಿದಂದಿನಿಂದ ಎರಡೂವರೆ ಶತಮಾನಗಳ ಕಾಲ ಅದರ ಕೊಳಚೆಯೆಲ್ಲ ನೇರವಾಗಿ ಬಂದರಿಗೇ ಬೀಳುತ್ತಿತ್ತು. ಕೊನೆಕೊನೆಗೆ ದಿನಕ್ಕೆ ಸುಮಾರು 18 ಕೋಟಿ ಲೀಟರ್. ಬಂದರಿನ ಬಾಯಲ್ಲಿರುವ ಮ್ಯಾಕ್‌ನ್ಯಾಬ್ಸ್ ದ್ವೀಪದ ಬಳಿ ಒಂದೇ ದೊಡ್ಡ ಶುದ್ಧೀಕರಣ ಘಟಕ ಕಟ್ಟುವ ಯೋಚನೆಯೊಂದು ವಿಲೀನಕ್ಕೆ ಮೊದಲೇ ಎದ್ದು ಬಿದ್ದುಹೋಗಿತ್ತು. ಎರಡೂ ದಡಗಳು ಒಂದೇ ಪುರಸಭೆಗೆ ಸೇರಿದ ಮೇಲೆ, ನಿಮ್ಮ ಕೊಳಚೆ, ನಮ್ಮ ಕೊಳಚೆ ಎಂಬ ವಾದಕ್ಕೆ ಅರ್ಥ ಉಳಿಯಲಿಲ್ಲ. ನೀರಿನ ಬಿಲ್ಲಿನ ಜೊತೆಗೇ ಶುಲ್ಕ ಕೂಡಿಸಿ, ಕೇಂದ್ರದಿಂದಲೂ ಹಣ ತಂದು, ಹ್ಯಾಲಿಫ್ಯಾಕ್ಸ್, ಡಾರ್ಟ್‌ಮತ್ ಮತ್ತು ಹೆರಿಂಗ್ ಕೋವ್ ಎಂಬ ಮೂರು ಕಡೆ ಘಟಕಗಳನ್ನು ಕಟ್ಟಿದರು. ವಿಲೀನದಿಂದ ಏನು ಲಾಭ ಎಂದು ಯಾರಾದರೂ ಕೇಳಿದರೆ ನಾನು ಮೊದಲು ತೋರಿಸುವುದು ಇದನ್ನೇ.

2008ರ ಬೇಸಿಗೆಯಲ್ಲಿ ನಗರದೊಳಗಿನ ಬ್ಲ್ಯಾಕ್ ರಾಕ್ ಕಡಲತೀರದಲ್ಲಿ ಜನ ಈಜಿದರು. ಮರುವರ್ಷ ಜನವರಿಯಲ್ಲಿ ವಿದ್ಯುತ್ ಹೋದಾಗ ಹ್ಯಾಲಿಫ್ಯಾಕ್ಸ್ ಘಟಕದೊಳಗೆ ಕೊಳಚೆಯೇ ನುಗ್ಗಿ ಯಂತ್ರಗಳೆಲ್ಲ ಮುಳುಗಿದವು. ಅದು ಮತ್ತೆ ಪೂರ್ಣವಾಗಿ ಕೆಲಸ ಆರಂಭಿಸಲು 2010 ಬರಬೇಕಾಯಿತು. ಹಳೆಯ ಬಡಾವಣೆಗಳಲ್ಲಿ ಮಳೆನೀರೂ ಕೊಳಚೆಯೂ ಒಂದೇ ಕೊಳವೆಯಲ್ಲಿ ಹರಿಯುವುದರಿಂದ, ಜೋರು ಮಳೆ ಸುರಿದಾಗ ಈಗಲೂ ಒಂದಷ್ಟು ಕೊಳಚೆ ಬಂದರಿಗೆ ಹೊರಳುತ್ತದೆ. ಉಳಿದ ದಿನಗಳಲ್ಲಿ ನೀರು ಹಿಂದಿಗಿಂತ ಎಷ್ಟೋ ಮೇಲು.

ಪ್ರಶ್ನೆ: ಇಷ್ಟು ಜನ ದಿನವೂ ನೀರು ದಾಟುವುದಾದರೆ ಮೂರನೆಯ ಸೇತುವೆಯನ್ನು ಕಟ್ಟಬಾರದೇಕೆ?
— ಓದುಗರೊಬ್ಬರು, ಬೆಂಗಳೂರು

ಉತ್ತರ: ಮೇಲ್ಸೇತುವೆಗಳ ಊರಿನಿಂದ ಈ ಪ್ರಶ್ನೆ ಬಂದದ್ದು ಸಹಜವೇ. ಆದರೆ ಸೇತುವೆ ಇಳಿದ ಕಾರು ಹೋಗುವುದೆಲ್ಲಿಗೆ? ಹ್ಯಾಲಿಫ್ಯಾಕ್ಸ್‌ನ ಪೇಟೆ ಇರುವುದು ಪರ್ಯಾಯ ದ್ವೀಪದ ಮೇಲೆ, ಬೀದಿಗಳು ಕುದುರೆ ಗಾಡಿಯ ಕಾಲದವು. 1960ರ ದಶಕದಲ್ಲಿ ನೀರಿನ ಅಂಚಿನ ಹಳೆಯ ಕಲ್ಲಿನ ಗೋದಾಮುಗಳನ್ನು ಕೆಡವಿ ವೇಗದ ರಸ್ತೆಯೊಂದನ್ನು ಒಯ್ಯಲು ಹೊರಟಿದ್ದರು. ಜನ ತಿರುಗಿಬಿದ್ದರು, ರಸ್ತೆ ನಿಂತಿತು. ಆದರೆ ಅದರ ಆರಂಭದ ಭಾಗವಾಗಿ ಕಟ್ಟಿದ್ದ ಕಾಗ್ಸ್‌ವೆಲ್ ಇಂಟರ್‌ಚೇಂಜ್ ಎಂಬ ಕಾಂಕ್ರೀಟ್ ಜಾಲ ಎಲ್ಲಿಗೂ ಸೇರದೆ ಅರ್ಧ ಶತಮಾನ ಪೇಟೆಯ ನಡುವೆ ಬಿದ್ದುಕೊಂಡಿತ್ತು. ಅದನ್ನು ಕೆಡವುವ ಕೆಲಸ ಈ ದಶಕದಲ್ಲಷ್ಟೇ ನಡೆಯಿತು.

ಇದ್ದ ಸೇತುವೆಯನ್ನೇ ಉಳಿಸಿಕೊಂಡ ರೀತಿ ನನಗೆ ಹೆಚ್ಚು ಮೆಚ್ಚುಗೆಯಾಗಿದೆ. 2015ರಿಂದ 2017ರವರೆಗೆ ಮ್ಯಾಕ್‌ಡೊನಾಲ್ಡ್ ಸೇತುವೆಯ ತೂಗುವ ಹಾಸನ್ನು 46 ತುಂಡುಗಳಲ್ಲಿ ಬದಲಿಸಿದರು: ರಾತ್ರಿ ಅಥವಾ ವಾರಾಂತ್ಯದಲ್ಲಿ ಸೇತುವೆ ಮುಚ್ಚಿ, ಹಳೆಯ ತುಂಡನ್ನು ಕತ್ತರಿಸಿ ಕೆಳಗಿಳಿಸಿ, ಹೊಸದನ್ನು ಮೇಲೆತ್ತಿ ಜೋಡಿಸಿ, ಕೆಲಸದ ದಿನ ಬೆಳಗಾಗುವಷ್ಟರಲ್ಲಿ ಮತ್ತೆ ವಾಹನಗಳಿಗೆ ಬಿಡುತ್ತಿದ್ದರು. 2025ರ ಮಾರ್ಚ್‌ನಲ್ಲಿ ಎರಡೂ ಸೇತುವೆಗಳ ಸುಂಕವನ್ನು ಪ್ರಾಂತ್ಯ ತೆಗೆದುಹಾಕಿತು. ಜನರಿಗೆ ಸಂತೋಷವಾಯಿತು, ಆದರೆ ಕಾರನ್ನು ಮನೆಯಲ್ಲಿ ಬಿಟ್ಟು ಬಸ್ಸು, ದೋಣಿ ಹತ್ತಿ ಎಂದು ಹೇಳಬೇಕಾದ ಪುರಸಭೆಯ ಕೆಲಸ ಇದರಿಂದ ಸುಲಭವಾಗಿರಲಾರದು.

ನಿಮ್ಮ ಊರಿನ 2007ರ ವಿಲೀನವನ್ನೂ ಈ ಸಂದರ್ಭದಲ್ಲಿ ನೆನೆಯಬಹುದು. ಆಗ ಸೇರಿಸಿಕೊಂಡ 110 ಹಳ್ಳಿಗಳಿಗಾಗಿ ರೂಪಿಸಿದ ಕಾವೇರಿ ನೀರಿನ ಯೋಜನೆಯ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ಗಡಿ ಬದಲಿಸುವ ಆದೇಶ ಒಂದೇ ದಿನದಲ್ಲಿ ಹೊರಡುತ್ತದೆ, ಕೊಳವೆ ಅಷ್ಟು ಬೇಗ ಬರುವುದಿಲ್ಲ.

ಪ್ರಶ್ನೆ: ಮಂಗಳೂರಿಗೂ ಇಂಥದೊಂದು ಪ್ರಾದೇಶಿಕ ಪಾಲಿಕೆ ಬೇಕಲ್ಲವೇ?
— ಓದುಗರೊಬ್ಬರು, ಬೆಂಗ್ರೆ

ಉತ್ತರ: ಪಾಲಿಕೆ ಎಷ್ಟೇ ಹಿಗ್ಗಿದರೂ ಪಣಂಬೂರಿನ ಬಂದರು ಕೇಂದ್ರದ್ದೇ, ಹಳೆ ಬಂದರಿನ ದಕ್ಕೆ ರಾಜ್ಯದ್ದೇ. ರೈಲಂತೂ ಪಾಲಕ್ಕಾಡ್ ವಿಭಾಗ, ಮೈಸೂರು ವಿಭಾಗ ಮತ್ತು ಕೊಂಕಣ ರೈಲ್ವೆಗಳ ನಡುವೆ ಹಂಚಿಹೋಗಿದೆ. ಆದ್ದರಿಂದ ಗಡಿಯ ಚರ್ಚೆಗಿಂತ ಮೊದಲು ಇವರೆಲ್ಲರನ್ನೂ ಒಂದೇ ಮೇಜಿನ ಮುಂದೆ ಕೂರಿಸುವ ಬಗೆ ಯೋಚಿಸುವುದು ಒಳ್ಳೆಯದು. ಹ್ಯಾಲಿಫ್ಯಾಕ್ಸ್‌ನಿಂದ ನೀವು ಕೇಳಿ ಪಡೆಯಬಹುದಾದದ್ದು ಇನ್ನೊಂದಿದೆ. ಅಲ್ಲಿ 1752ರಿಂದ ಡಾರ್ಟ್‌ಮತ್‌ಗೆ ದೋಣಿ ನಡೆಯುತ್ತಿದೆ. ಇಂದು ಅದನ್ನು ನಡೆಸುವುದು ಬಸ್ಸು ಓಡಿಸುವ ಸಂಸ್ಥೆಯೇ. ಬಸ್ಸಿನಲ್ಲಿ ಪಡೆದ ಬದಲಿ ಚೀಟಿಯನ್ನು ಕಟ್ಟೆಯಲ್ಲಿ ತೋರಿಸಿದರೆ ಬೇರೆ ದುಡ್ಡಿಲ್ಲದೆ ಹತ್ತು ಹನ್ನೆರಡು ನಿಮಿಷಗಳಲ್ಲಿ ಆಚೆ ದಡ ಸೇರುತ್ತೀರಿ, ಅಲ್ಲಿ ಇಳಿದು ಅದೇ ಚೀಟಿಯಲ್ಲಿ, ಅವಧಿ ಮುಗಿಯದಿದ್ದರೆ, ಮುಂದಿನ ಬಸ್ಸು ಹಿಡಿಯಬಹುದು. ಬಂದರಿನಿಂದ ಬೆಂಗ್ರೆಗೆ ದಾಟಿಸುವ ಲಾಂಚಿಗೂ ಸ್ಟೇಟ್‌ಬ್ಯಾಂಕ್ ನಿಲ್ದಾಣದ ಸಿಟಿ ಬಸ್ಸಿಗೂ ಒಂದೇ ಟಿಕೆಟ್ ಮಾಡಿಸಲು ಯಾವ ಊರನ್ನೂ ಯಾವುದರೊಂದಿಗೂ ವಿಲೀನ ಮಾಡಬೇಕಿಲ್ಲ.