ಉತ್ತರದ ಕಿಟಕಿಯ ರೂಮಿಗೆ ತಿಳಿ ಬೂದು ಬೇಡ

30x40 ಸೈಟಿನ ಮನೆ, 10x12 ಬೆಡ್‌ರೂಮು, ಉತ್ತರಕ್ಕೆ ಒಂದೇ ಕಿಟಕಿ, ಮೂರಡಿ ಆಚೆ ಪಕ್ಕದ ಮನೆಯ ಹಸಿರು ಗೋಡೆ, ತಿಳಿ ಬೂದು ಹೊಡೆಸಬಹುದಾ ಅಂತ ಕೇಳಿದ್ದೀರಿ. ನನ್ನ ಮಟ್ಟಿಗೆ ಬೇಡ. ಉತ್ತರದ ಬೆಳಕಲ್ಲಿ ನೇರ ಬಿಸಿಲು ಕಮ್ಮಿ, ನೀಲಿ ಛಾಯೆ ಜಾಸ್ತಿ. ಅದರ ಜೊತೆ ಎದುರಿನ ಹಸಿರೂ ಒಳಗೆ ಬಡಿಯುತ್ತೆ. ಶೇಡ್ ಕಾರ್ಡಿನಲ್ಲಿ ಚೆಂದ ಕಂಡ ಬೂದು ಗೋಡೆ ಮೇಲೆ ಸಿಮೆಂಟಿನ ಹಾಗೆ ಕಾಣುತ್ತೆ. ಅಚ್ಚ ಬಿಳಿಯೂ ಅಲ್ಲಿ ಮಂಕೇ. ಸ್ವಲ್ಪ ಹಳದಿ ಅಥವಾ ಪೀಚ್ ಬೆರೆತ ಕೆನೆಬಣ್ಣ ನೋಡಿ.

ಮೊದಲು ಸ್ಯಾಂಪಲ್ ಹಚ್ಚಿಸಿ. ಬರೀ ಪುಟ್ಟಿ ಮೇಲೆ ಬೇಡ, ಅದು ಬಣ್ಣ ಹೀರಿಕೊಂಡು ಶೇಡ್ ತಪ್ಪು ತೋರಿಸುತ್ತೆ. ಪ್ರೈಮರ್ ಆದಮೇಲೆ, ಕಿಟಕಿ ಪಕ್ಕದ ಗೋಡೆಗೊಂದು, ಎದುರು ಗೋಡೆಗೊಂದು, ಎರಡಡಿ ಚೌಕ, ಎರಡು ಕೋಟ್. ಪೂರ್ತಿ ಒಣಗಲಿ, ಹಸಿಯಲ್ಲಿ ನಿರ್ಧಾರ ಬೇಡ. ಬೆಳಗ್ಗೆ, ಸಂಜೆ, ರಾತ್ರಿ ನಿಮ್ಮದೇ ಲೈಟ್ ಹಾಕಿ ನೋಡಿ. ಬಿಳಿ ಟ್ಯೂಬ್‌ಲೈಟಿದ್ದರೆ ಕೆನೆಬಣ್ಣ ಸೊರಗುತ್ತೆ. 3000ಕೆ, ಅಂದರೆ ಹಳದಿ ಬೆಳಕಿನ ಎಲ್‌ಇಡಿ ಆದರೆ ಅದೇ ಬಣ್ಣ ಇನ್ನಷ್ಟು ಹಳದಿ.

ಹತ್ತಡಿ ಎತ್ತರಕ್ಕೆ ಬಾಗಿಲು ಕಿಟಕಿ ಕಳೆದು ಗೋಡೆ ಸುಮಾರು 400 ಚದರಡಿ. ಎರಡು ಕೋಟ್‌ಗೆ ನಾಲ್ಕು ಲೀಟರ್ ಹತ್ತಿರ ಬೇಕು. ಒಟ್ಟಿಗೇ ಮಿಕ್ಸ್ ಮಾಡಿಸಿ, ಆಮೇಲೆ ತಂದ ಡಬ್ಬದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಬಂದರೂ ಮೂಲೆಯಲ್ಲಿ ಎದ್ದು ಕಾಣುತ್ತೆ. ಶೇಡ್ ಕೋಡ್ ಇರುವ ಸ್ಟಿಕ್ಕರ್ ಫೋಟೊ ತೆಗೆದಿಡಿ. ಪುಟ್ಟಿ ಕೆಲಸ ಅಷ್ಟಕ್ಕಷ್ಟೇ ಇದ್ದರೆ ಮ್ಯಾಟ್ ಫಿನಿಶ್ ತಗೊಳ್ಳಿ, ಹೊಳಪಿನದ್ದು ಪ್ರತಿ ಉಬ್ಬುತಗ್ಗನ್ನೂ ತೋರಿಸುತ್ತೆ.