ಬಾವಿಯಲ್ಲಿ ಈಜು ಕಲಿತವನಿಗೆ ತರಬೇತಿ ಯಾಕೆ?

ಪ್ರಶ್ನೆ: ನನ್ನ ತಮ್ಮ ಹೊಲದ ಬಾವಿಯಲ್ಲಿ ಬೆನ್ನಿಗೆ ಕ್ಯಾನ್ ಕಟ್ಟಿಕೊಂಡು ಈಜು ಕಲಿತವನು. ಈಗ ಮೇಲಿಂದ ಜಿಗಿದು ತಳದ ಕೆಸರು ತರುತ್ತಾನೆ. ವಿಜಯಪುರದ ಒಂದು ಈಜುಕೊಳದಲ್ಲಿ ಲೈಫ್‌ಗಾರ್ಡ್ ಕೆಲಸ ಇದೆ, ಆದರೆ ತರಬೇತಿ ಸರ್ಟಿಫಿಕೇಟ್ ತಾ ಅಂತಿದ್ದಾರೆ. ಇಷ್ಟು ಈಜುವವನಿಗೆ ಮತ್ತೇನು ಕಲಿಸುತ್ತಾರೆ? ಸುಮ್ನೆ ದುಡ್ಡು ಕೀಳುವ ದಾರಿ ಅಲ್ವಾ?
— ಒಬ್ಬ ಅಕ್ಕ, ಬಸವನ ಬಾಗೇವಾಡಿ

ಉತ್ತರ: ಅಲ್ಲ ಅಕ್ಕಾ. ಸರ್ಟಿಫಿಕೇಟ್ ಕೇಳಿದರಲ್ಲ, ಅದಕ್ಕೇ ಆ ಕೊಳದವರ ಮೇಲೆ ನನಗೆ ನಂಬಿಕೆ ಬಂತು. ಏನೂ ಕೇಳದೆ ಕೈಗೆ ಸೀಟಿ ಕೊಟ್ಟು ಕೂರಿಸುವವರೂ ಇದ್ದಾರೆ.

ನಾನೂ ಬಾವಿಯಲ್ಲೇ ಕಲಿತವನು. ತರಬೇತಿಯ ಮೊದಲ ದಿನ ನನಗೂ ಇದೇ ಸೊಕ್ಕು ಇತ್ತು. ಜೊತೆಗಾರನೊಬ್ಬ ಮುಳುಗುವವನ ಹಾಗೆ ನಟಿಸುತ್ತಿದ್ದ, "ಹೋಗಿ ಕರ್ಕೊಂಡು ಬಾ" ಅಂದರು. ನಾನು ನೇರ ಎದುರಿಗೇ ಹೋದೆ, ಅವನು ಕುತ್ತಿಗೆಗೆ ಜೋತುಬಿದ್ದ, ಹೆಗಲೇರಿದ, ನಾನು ಗಟಗಟ ನೀರು ಕುಡಿದೆ, ಅವತ್ತಿನ ಶೂರತನ ಅಲ್ಲಿಗೆ ಮುಗೀತು. ಹಾಗೆ ಹಿಡಿದುಕೊಂಡರೆ ಮೇಲೇಳಲು ಒದ್ದಾಡಬಾರದು, ಗದ್ದ ಎದೆಗೆ ಒತ್ತಿಕೊಂಡು ಕೆಳಗೆ ಮುಳುಗಬೇಕು ಅನ್ನೋದು ಆಮೇಲೆ ಗೊತ್ತಾಯಿತು. ಮುಳುಗುವವನಿಗೆ ಬೇಕಾದದ್ದು ಗಾಳಿ. ನಿಮ್ಮ ಜೊತೆ ಅವನು ಕೆಳಗೆ ಬರೋದಿಲ್ಲ, ಕೈ ಬಿಡುತ್ತಾನೆ.

ಅದಕ್ಕೇ ತರಬೇತಿಯಲ್ಲಿ ಮೊದಲು ಕಲಿಸೋದು ನೀರಿಗೆ ಇಳಿಯದೆ ಕಾಪಾಡೋದನ್ನ. ದಡದಲ್ಲಿ ಬೋರಲು ಮಲಗಿ ಉದ್ದ ಕೋಲು ಚಾಚು, ಎಟುಕದಿದ್ದರೆ ಹಗ್ಗ ಕಟ್ಟಿದ ಟ್ಯೂಬ್ ಎಸೆ. ಎರಡೂ ಆಗದಿದ್ದರೆ ಮಾತ್ರ ಇಳಿ, ಅದೂ ಬರಿಗೈಯಲ್ಲಿ ಅಲ್ಲ, ರೆಸ್ಕ್ಯೂ ಟ್ಯೂಬನ್ನು, ಅಂದ್ರೆ ಹಿಡಿದು ತೇಲೋ ಉದ್ದನೆಯ ಫೋಮ್ ದಿಂಬನ್ನು, ನಿನಗೂ ಅವನಿಗೂ ನಡುವೆ ಇಟ್ಟುಕೊಂಡು.

ಇನ್ನೊಂದು ದೊಡ್ಡ ಪಾಠ ನೋಡೋದು. ನಗಬೇಡಿ. ಸಿನಿಮಾದಲ್ಲಿ ಮುಳುಗುವವರು ಕೈ ಬೀಸಿ ಕೂಗುತ್ತಾರೆ, ನಿಜವಾಗಿ ಮುಳುಗುವವರು ಹೆಚ್ಚಾಗಿ ಸದ್ದೇ ಮಾಡೋದಿಲ್ಲ. ಬಾಯಿ ನೀರಿನೊಳಗೆ ಹೋಗಿ ಬಂದು ಮಾಡುತ್ತಿರುತ್ತದೆ, ಉಸಿರಾಡೋಕೇ ಪುರುಸೊತ್ತಿಲ್ಲ, ಇನ್ನು ಕೂಗೋದೆಲ್ಲಿ? ತಲೆ ಹಿಂದಕ್ಕೆ ವಾಲಿರುತ್ತದೆ, ಕೈಗಳು ಪಕ್ಕಕ್ಕೆ ಚಾಚಿ ನೀರನ್ನು ಒತ್ತುತ್ತಿರುತ್ತವೆ, ಕಾಲು ಬಡಿಯೋದಿಲ್ಲ. ಹೀಗೆ 20ರಿಂದ 60 ಸೆಕೆಂಡು ಇದ್ದರೆ ಹೆಚ್ಚು. ಪಕ್ಕದಲ್ಲಿ ನಿಂತವರು ಮಗು ಆಡ್ತಿದೆ ಅಂದುಕೊಂಡಿರುತ್ತಾರೆ. ಲೈಫ್‌ಗಾರ್ಡ್ ತನ್ನ ಪಾಲಿನ ನೀರನ್ನೆಲ್ಲ, ತಳವನ್ನೂ ಸೇರಿಸಿ, 10 ಸೆಕೆಂಡಿಗೊಮ್ಮೆ ನೋಡಿ ಮುಗಿಸಬೇಕು, ಕಂಡರೆ 20 ಸೆಕೆಂಡಿನಲ್ಲಿ ತಲುಪಬೇಕು ಅಂತ ಒಂದು ಲೆಕ್ಕ ಕಲಿಸುತ್ತಾರೆ. ನಮ್ಮ ವಿಜಯಪುರದ ಮೇ ತಿಂಗಳ ಬಿಸಿಲಲ್ಲಿ, ನೀರು ಕಣ್ಣಿಗೆ ಹೊಡೆಯುವಾಗ, ಇದನ್ನು ಅರ್ಧ ಗಂಟೆ ಮಾಡಿ ನೋಡಲಿ ನಿಮ್ಮ ತಮ್ಮ. ಕೆಸರು ತರೋದೇ ಸುಲಭ ಅಂತಾನೆ.

ಆಳ ಕಡಿಮೆ ಇರುವ ಕಡೆ ತಲೆ ಕೆಳಗಾಗಿ ಜಿಗಿದು ಕುತ್ತಿಗೆಗೆ ಪೆಟ್ಟಾದವರನ್ನು ತಲೆ ಅಲ್ಲಾಡದ ಹಾಗೆ ಹಲಗೆ ಮೇಲೆ ಎತ್ತೋದು ಬೇರೆ ಕಲಿಯಬೇಕು. ಪುಣೆಯಲ್ಲಿ ಕೇಂದ್ರ ಕಚೇರಿ ಇರುವ ರಾಷ್ಟ್ರೀಯ ಲೈಫ್ ಸೇವಿಂಗ್ ಸೊಸೈಟಿ ಲೈಫ್‌ಗಾರ್ಡ್ ತರಬೇತಿ ಕೊಡುತ್ತದೆ. ಎಲ್ಲೇ ಸೇರಲಿ, ಫೀಸು ಕಟ್ಟುವ ಮೊದಲು ನೀರಿನಲ್ಲಿ ಎಷ್ಟು ಗಂಟೆ ಅಭ್ಯಾಸ, ಬೊಂಬೆಯ ಮೇಲೆ ಸಿಪಿಆರ್ (ಎದೆ ಒತ್ತಿ, ಬಾಯಿಂದ ಉಸಿರು ಊದೋದು) ಮಾಡಿಸುತ್ತಾರಾ, ಕೊನೆಗೆ ಪರೀಕ್ಷೆ ಇದೆಯಾ ಕೇಳಲಿ. ಬರೀ ಪಾಠ ಹೇಳಿ ಕಾಗದ ಕೊಡುವ ಕಡೆಗೆ ಹೋಗೋದು ಬೇಡ.

ಪ್ರಶ್ನೆ: ನಮ್ಮ ಕೃಷಿ ಹೊಂಡದಲ್ಲಿ ಪಕ್ಕದ ಹೊಲದ ಹುಡುಗ ಜಾರಿ ಬಿದ್ದ. ಮೇಲೆ ತಂದು ಕಾಲು ಹಿಡಿದು ತಲೆಕೆಳಗೆ ಮಾಡಿ ಹೊಟ್ಟೆ ಅಮುಕಿದೆವು. ಪುಣ್ಯಕ್ಕೆ ಉಳಿದ. ಆದರೆ ಡಾಕ್ಟರು ಬೈದರು. ತಪ್ಪು ಮಾಡಿದೆವಾ?
— ಒಬ್ಬ ರೈತ, ಜಮಖಂಡಿ

ಉತ್ತರ: ತಪ್ಪೇ ಅಣ್ಣಾ, ಆದರೆ ನಮ್ಮ ಕಡೆ ಎಲ್ಲರೂ ಮಾಡೋದು ಅದನ್ನೇ. ಜೀವ ಹೋಗೋದು ಹೊಟ್ಟೆಯಲ್ಲಿ ನೀರು ತುಂಬಿ ಅಲ್ಲ, ಗಾಳಿ ಸಿಗದೆ. ಹೊಟ್ಟೆ ಅಮುಕಿದರೆ ಒಳಗಿದ್ದದ್ದು ಬಾಯಿಗೆ ಬಂದು ಶ್ವಾಸಕೋಶಕ್ಕೆ ಇಳಿಯುತ್ತದೆ, ಹೊತ್ತೂ ಹೋಗುತ್ತದೆ. ಗಾಳಿ ಇಲ್ಲದೆ ನಾಲ್ಕಾರು ನಿಮಿಷ ಕಳೆದರೆ ಮಿದುಳು ಕೆಡಲು ಶುರು.

ಉಸಿರು ಇದ್ದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ. ಇಲ್ಲದಿದ್ದರೆ ಅಂಗಾತ ಮಲಗಿಸಿ, ಹಣೆ ಹಿಂದಕ್ಕೆ ಬಾಗಿಸಿ, ಗದ್ದ ಎತ್ತಿ, ಮೂಗು ಹಿಡಿದು, ಬಾಯಿಗೆ ಬಾಯಿಟ್ಟು ಐದು ಸಲ ಉಸಿರು ಊದಿ. ಎರಡು ಸಲ ಅಂತ ಕಲಿಸುವವರೂ ಇದ್ದಾರೆ, ಜಗಳ ಬೇಡ, ಮೊದಲು ಊದಿ. ಆಮೇಲೆ ಎದೆಯ ನಡುವೆ 30 ಸಲ ಒತ್ತಿ, 2 ಸಲ ಊದಿ. ನಿಮಿಷಕ್ಕೆ 100ರಿಂದ 120ರ ವೇಗ. ದೊಡ್ಡವರಿಗೆ 5 ಸೆಂಟಿಮೀಟರ್ ಆಳ, ಮಕ್ಕಳಿಗೆ ಎದೆಯ ದಪ್ಪದ ಮೂರನೇ ಒಂದು ಭಾಗ. ಬರೀ ಎದೆ ಒತ್ತಿದರೆ ಸಾಕು ಅನ್ನುವ ವಿಡಿಯೊ ಮೊಬೈಲಿನಲ್ಲಿ ಓಡಾಡುತ್ತವಲ್ಲ, ಅವು ತಟ್ಟನೆ ಹೃದಯ ನಿಂತವರಿಗೆ. ಮುಳುಗಿದವರಿಗೆ ಉಸಿರು ಕೊಡಲೇಬೇಕು. ಬಾಯಲ್ಲಿ ನೊರೆ ಬರುತ್ತಿದ್ದರೆ ಒರೆಸುತ್ತಾ ಕೂರಬೇಡಿ. ಇನ್ನೊಬ್ಬರು ಅಷ್ಟರಲ್ಲಿ 108ಕ್ಕೆ ಫೋನ್ ಮಾಡಲಿ. ಎದ್ದು ಕೂತು ಮಾತಾಡಿದರೂ ಆಸ್ಪತ್ರೆಗೆ ಒಯ್ಯಿರಿ, ಕೆಲವು ಗಂಟೆ ಬಿಟ್ಟು ಉಸಿರಾಟಕ್ಕೆ ತೊಂದರೆ ಆಗುವುದುಂಟು.

ಇನ್ನು ಹೊಂಡದ ಮಾತು. 2014ರಲ್ಲಿ ಸರ್ಕಾರದ ಕೃಷಿಭಾಗ್ಯ ಯೋಜನೆ ಬಂದ ಮೇಲೆ ನಮ್ಮ ಹೊಲಗಳಲ್ಲಿ ಹೊಂಡ ಜಾಸ್ತಿ ಆದವು, ಒಳ್ಳೇದೇ. ಆದರೆ ಅದರ ಪ್ಲಾಸ್ಟಿಕ್ ಹಾಳೆ ಒದ್ದೆಯಾದರೆ ಪಾಚಿಗಿಂತ ಕಡೆ, ಈಜು ಬಲ್ಲವನಿಗೂ ಹತ್ತೋಕಾಗದು. ಬಾವಿಗಾದರೆ ಮೆಟ್ಟಿಲಾದರೂ ಇರುತ್ತದೆ! ನಾಲ್ಕೂ ಕಡೆ ಗೂಟ ಹೊಡೆದು, ಗಂಟು ಹಾಕಿದ ಹಗ್ಗ ನೀರಿನವರೆಗೆ ಇಳಿಬಿಡಿ. ಗಾಳಿ ತುಂಬಿದ ಹಳೇ ಟ್ಯೂಬೋ, ಮುಚ್ಚಳ ಬಿಗಿದ ಖಾಲಿ ಕ್ಯಾನೋ ಹಗ್ಗ ಕಟ್ಟಿ ದಡದಲ್ಲಿಡಿ. ಸುತ್ತ ತಂತಿ ಬೇಲಿ ಇವತ್ತೇ ಹಾಕಿಸಿ.

ಪ್ರಶ್ನೆ: ಈಜುಕೊಳದಲ್ಲಿ ಕ್ಲೋರಿನ್ ವಾಸನೆ ಘಾಟು ಹೊಡೆದರೆ ನೀರು ಶುದ್ಧ ಇದೆ ಅಂತ ತಾನೆ?
— ಇಬ್ಬರು ಮಕ್ಕಳ ತಾಯಿ, ಬೆಳಗಾವಿ

ಉತ್ತರ: ಉಲ್ಟಾ. ಬೆವರು, ಮೂತ್ರ ಕ್ಲೋರಿನ್ ಜೊತೆ ಸೇರಿದಾಗ ಬರುವ ಘಾಟು ಅದು. ಪಿಎಚ್, ಅಂದ್ರೆ ನೀರಿನ ಹುಳಿ-ಕ್ಷಾರದ ಅಳತೆ, 7.2ರಿಂದ 7.8ರ ಒಳಗೆ ಇದೆಯಾ ಅಂತ ಕೇಳಿ, ದಿನಾ ಅಳೆದು ಬರೆದಿಡುವವರು ತಕ್ಷಣ ಹೇಳುತ್ತಾರೆ. ಅದಕ್ಕೂ ಮೊದಲು ಆಳದ ಕಡೆ ನಿಂತು ಬಗ್ಗಿ ನೋಡಿ, ತಳದ ಜಾಲರಿ ಸ್ಪಷ್ಟವಾಗಿ ಕಾಣಬೇಕು. ಅದೇ ಕಾಣದ ನೀರಿನಲ್ಲಿ ಮುಳುಗಿದ ಮಗು ಲೈಫ್‌ಗಾರ್ಡಿಗೆ ಹೇಗೆ ಕಾಣುತ್ತದೆ? ಟಿಕೆಟ್ ದುಡ್ಡು ಹೋದರೆ ಹೋಗಲಿ, ಮಕ್ಕಳನ್ನು ಇಳಿಸಬೇಡಿ.